ಹಳೆಯ ಮೊಬೈಲ್ ಫೋನಿನಲ್ಲಿ ಡೇಟಾ ಸಂಪರ್ಕ ಹೊಂದಿಸಿಕೊಳ್ಳುವ ಬಗೆ

ವರ್ಷಗಟ್ಟಲೆ ಮೂಲೆಯಲ್ಲಿ ಬಿದ್ದಿದ್ದ ಕೀಪ್ಯಾಡ್ ಫೋನೊಂದನ್ನು ಹೊರತೆಗೆದು, ಚಾರ್ಜ್ ಮಾಡಿ, ಸಿಮ್ ಹಾಕಿದರೆ ಕರೆ ಮಾಡುವುದಕ್ಕೂ ಮೆಸೇಜ್ ಕಳುಹಿಸುವುದಕ್ಕೂ ಸಾಮಾನ್ಯವಾಗಿ ಬೇರೇನೂ ಮಾಡಬೇಕಾಗುವುದಿಲ್ಲ. ಇಂಟರ್‌ನೆಟ್ ಮಾತ್ರ ಹಾಗೆ ತಾನಾಗಿ ಬರುವುದಿಲ್ಲ. ಈಗಿನ ಸ್ಮಾರ್ಟ್‌ಫೋನು ಸಿಮ್ ಯಾವ ಕಂಪನಿಯದೆಂದು ಓದಿಕೊಂಡು, ತನ್ನೊಳಗೆ ಮೊದಲೇ ಇರುವ ಪಟ್ಟಿಯಿಂದ ಬೇಕಾದ ವಿವರಗಳನ್ನು ತಾನೇ ಆರಿಸಿಕೊಳ್ಳುತ್ತದೆ. ಹಳೆಯ ಫೋನಿನಲ್ಲಿ ಅಂಥ ಪಟ್ಟಿ ಇರುವುದಿಲ್ಲ, ಇದ್ದರೂ ಅದು ಫೋನು ತಯಾರಾದ ಕಾಲದ್ದಾಗಿರುತ್ತದೆ. ಆದ್ದರಿಂದ ಆ ವಿವರಗಳನ್ನು ನಾವೇ ತುಂಬಬೇಕು. ತುಂಬುವುದು ಐದು ನಿಮಿಷದ ಕೆಲಸ. ಅದಕ್ಕೆ ಮುಂಚೆ ನೆಟ್‌ವರ್ಕ್ ಇದೆಯೇ ಎಂದು ನೋಡಿಕೊಳ್ಳದಿರುವುದು, ಮತ್ತು ತುಂಬಿದ ಮೇಲೆ ಬ್ರೌಸರಿಗೆ ಆ ವಿವರಗಳನ್ನು ಜೋಡಿಸದಿರುವುದು, ಈ ಎರಡು ಕಾರಣಗಳಿಂದಲೇ ಬಹುಪಾಲು ಪ್ರಯತ್ನಗಳು ಕೆಡುತ್ತವೆ.

ಮೆನು ತೆರೆಯುವ ಮುನ್ನ

ಪ್ರತಿಯೊಂದು ಫೋನೂ ಕೆಲವು ತಲೆಮಾರಿನ ನೆಟ್‌ವರ್ಕ್‌ಗಳನ್ನು ಮಾತ್ರ ಬಲ್ಲದು. 2000ದ ದಶಕದ ಮೊದಲ ಭಾಗದ ಫೋನುಗಳಲ್ಲಿ 2ಜಿ ಕುಟುಂಬಕ್ಕೆ ಸೇರಿದ ಡೇಟಾ ಸೇವೆಗಳಾದ ಜಿಪಿಆರ್‌ಎಸ್ ಮತ್ತು ಅದಕ್ಕಿಂತ ಸ್ವಲ್ಪ ವೇಗದ ಎಡ್ಜ್ ಇರುತ್ತವೆ. ಅನಂತರದವುಗಳಲ್ಲಿ 3ಜಿ ಸೇರಿಕೊಂಡಿರುತ್ತದೆ. ಇವು ಕೆಲಸ ಮಾಡಬೇಕಾದರೆ ನಿಮ್ಮ ಸಿಮ್ ಕಂಪನಿ ಆ ತಲೆಮಾರಿನ ಸೇವೆಯನ್ನು ಇನ್ನೂ ನಡೆಸುತ್ತಿರಬೇಕು. ಅಮೆರಿಕದ ಎಟಿ ಅಂಡ್ ಟಿ ತನ್ನ 2ಜಿ ಸೇವೆಯನ್ನು 2017ರ ಆರಂಭಕ್ಕೂ 3ಜಿ ಸೇವೆಯನ್ನು 2022ರ ಫೆಬ್ರವರಿಯಲ್ಲೂ ನಿಲ್ಲಿಸಿತು; ಸಿಂಗಪುರದಲ್ಲಿ 2ಜಿ 2017ರಲ್ಲಿ ಮುಗಿಯಿತು; ಆಸ್ಟ್ರೇಲಿಯಾದಲ್ಲಿ 3ಜಿಯೂ 2024ರಲ್ಲಿ ಕೊನೆಗೊಂಡಿತು. ಜರ್ಮನಿಯಲ್ಲಿ ಇದು ತಿರುವುಮುರುವಾಗಿ ನಡೆದಿದೆ: 2021ರಲ್ಲಿ 3ಜಿಯನ್ನು ಮುಚ್ಚಿದರೂ 2ಜಿಯನ್ನು ಉಳಿಸಿಕೊಂಡರು. ಹೀಗಾಗಿ ಫೋನು ಹೊಸದಾದಷ್ಟೂ ಒಳ್ಳೆಯದೆಂಬ ಲೆಕ್ಕ ಎಲ್ಲ ಕಡೆಯೂ ಸರಿಹೊಂದುವುದಿಲ್ಲ. 4ಜಿ ಸೇವೆಯನ್ನಷ್ಟೇ ಕೊಡುವ ಕಂಪನಿಯ ಸಿಮ್ಮನ್ನು 3ಜಿ ಫೋನಿಗೆ ಹಾಕಿದರಂತೂ ಯಾವ ಸೆಟ್ಟಿಂಗ್ ಬದಲಿಸಿದರೂ ಪ್ರಯೋಜನವಿಲ್ಲ. ಇದನ್ನು ಮೊದಲು ವಿಚಾರಿಸಿಕೊಳ್ಳಿ.

ಫೋನಿನ ಮಾದರಿ ಯಾವುದೆಂದು ತಿಳಿಯದಿದ್ದರೆ ಬ್ಯಾಟರಿ ತೆಗೆದಾಗ ಕಾಣುವ ಚೀಟಿಯಲ್ಲಿ ಅದರ ಸಂಖ್ಯೆ ಅಚ್ಚಾಗಿರುತ್ತದೆ. ಆ ಸಂಖ್ಯೆ ಹಿಡಿದು ಹುಡುಕಿದರೆ ಫೋನು ಯಾವ ತಲೆಮಾರಿನದು ಎನ್ನುವುದರ ಜೊತೆಗೆ ಯಾವ ಯಾವ ತರಂಗಾಂತರಗಳಲ್ಲಿ ನಡೆಯುತ್ತದೆ ಎಂಬುದೂ ಸಿಗುತ್ತದೆ. 2ಜಿ ಫೋನುಗಳು 850, 900, 1800, 1900 ಮೆಗಾಹರ್ಟ್ಸ್ ಎಂಬ ನಾಲ್ಕರಲ್ಲಿ ಎರಡನ್ನೋ ಮೂರನ್ನೋ ಮಾತ್ರ ಬಲ್ಲವಾಗಿರುವುದು ಸಾಮಾನ್ಯ. ಒಂದು ಖಂಡದಲ್ಲಿ ಮಾರಾಟವಾದ ಫೋನು ಇನ್ನೊಂದು ಖಂಡದಲ್ಲಿ ಸಿಗ್ನಲ್ಲನ್ನೇ ತೋರಿಸದಿರುವುದಕ್ಕೆ ಇದೇ ಕಾರಣ.

ಸಿಮ್ಮಿನ ಗಾತ್ರವೂ ಒಂದು ಸಣ್ಣ ತೊಡಕು. ಹಳೆಯ ಫೋನುಗಳ ತಟ್ಟೆಗೆ 25 ಮಿಲಿಮೀಟರ್ ಉದ್ದ, 15 ಮಿಲಿಮೀಟರ್ ಅಗಲದ ಸಿಮ್ ಬೇಕು. ಈಗ ಬರುವ ನ್ಯಾನೋ ಸಿಮ್ ಅದರ ಅರ್ಧದಷ್ಟೂ ಇಲ್ಲ. ಸಿಮ್ಮಿನ ಜೊತೆಗೆ ಬರುವ ಪ್ಲಾಸ್ಟಿಕ್ ಚೌಕಟ್ಟನ್ನು ಎಸೆಯದೆ ಇಟ್ಟುಕೊಂಡಿದ್ದರೆ ಅದರಲ್ಲೇ ಕೂರಿಸಬಹುದು. ಆದರೆ ಖಾಲಿ ಚೌಕಟ್ಟನ್ನು ಎಂದೂ ಒಳಗೆ ತಳ್ಳಬೇಡಿ. ಒಳಗಿನ ಸ್ಪ್ರಿಂಗ್ ತಂತಿಗಳು ಅದರ ರಂಧ್ರಕ್ಕೆ ಸಿಕ್ಕಿಕೊಂಡು, ಹೊರಗೆ ಎಳೆಯುವಾಗ ಮುರಿಯುತ್ತವೆ. ಹಾಗೆ ಮುರಿದ ಫೋನಿನಲ್ಲಿ ಮುಂದಿನ ಯಾವ ಹೆಜ್ಜೆಯೂ ಉಪಯೋಗಕ್ಕೆ ಬಾರದು.

ಕೊನೆಯದಾಗಿ, ಸಿಮ್ಮಿನಲ್ಲಿ ಡೇಟಾ ಸೇವೆ ಚಾಲ್ತಿಯಲ್ಲಿದೆಯೇ ಎಂದು ನೋಡಬೇಕು. ಅದೇ ಸಿಮ್ಮನ್ನು ಸರಿಯಾಗಿ ನಡೆಯುತ್ತಿರುವ ಸ್ಮಾರ್ಟ್‌ಫೋನಿಗೆ ಹಾಕಿ, ವೈಫೈ ನಿಲ್ಲಿಸಿ, ಒಂದು ಪುಟ ತೆರೆದು ನೋಡಿದರೆ ಇದು ನಿಮಿಷದಲ್ಲಿ ತೀರ್ಮಾನವಾಗುತ್ತದೆ. ಈ ಪರೀಕ್ಷೆಯಿಂದ ಇನ್ನೊಂದು ಲಾಭವಿದೆ. ನಮಗೆ ಬೇಕಾದ ವಿವರಗಳೆಲ್ಲ ಆ ಸ್ಮಾರ್ಟ್‌ಫೋನಿನ ಮೊಬೈಲ್ ನೆಟ್‌ವರ್ಕ್ ಸೆಟ್ಟಿಂಗ್‌ನಲ್ಲಿ ಎಪಿಎನ್ ಎಂಬ ಹೆಸರಿನಡಿ ಆಗಲೇ ತುಂಬಿರುತ್ತವೆ. ಸಹಾಯವಾಣಿಗೆ ಕರೆ ಮಾಡಿ ಒಂದೊಂದೇ ಅಕ್ಷರ ಬರೆದುಕೊಳ್ಳುವುದಕ್ಕಿಂತ ಅಲ್ಲಿಂದ ಕಾಗದಕ್ಕೆ ಇಳಿಸಿಕೊಳ್ಳುವುದು ಮೇಲು.

ಏನನ್ನು ತುಂಬುತ್ತಿದ್ದೇವೆ

ಎಪಿಎನ್ ಎಂದರೆ ಆಕ್ಸೆಸ್ ಪಾಯಿಂಟಿನ ಹೆಸರು. ಫೋನು ಡೇಟಾ ಸಂಪರ್ಕ ಬೇಕೆಂದು ಕೇಳುವಾಗ ಈ ಹೆಸರನ್ನು ನೆಟ್‌ವರ್ಕ್‌ಗೆ ಹೇಳುತ್ತದೆ. ನೆಟ್‌ವರ್ಕ್ ಆ ಹೆಸರಿಗೆ ಹೊಂದುವ, ಇಂಟರ್‌ನೆಟ್ಟಿಗೆ ಬಾಗಿಲಾಗಿರುವ ಗೇಟ್‌ವೇಯನ್ನು ಹುಡುಕಿ, ಫೋನಿಗೆ ಒಂದು ಐಪಿ ವಿಳಾಸ ಕೊಟ್ಟು ಒಳಗೆ ಬಿಡುತ್ತದೆ. ಒಂದೇ ಕಂಪನಿಗೆ ಇಂಥ ಹಲವು ಬಾಗಿಲುಗಳಿರಬಹುದು. ಸಾಮಾನ್ಯ ಇಂಟರ್‌ನೆಟ್ಟಿಗೆ ಒಂದು, ಚಿತ್ರಸಂದೇಶಗಳಾದ ಎಂಎಂಎಸ್‌ಗೆ ಇನ್ನೊಂದು, ಕಂಪ್ಯೂಟರಿಗೆ ಸಂಪರ್ಕ ಹಂಚುವುದಕ್ಕೆ ಮತ್ತೊಂದು. ತಪ್ಪು ಬಾಗಿಲು ತಟ್ಟಿದರೆ ಒಳಗೆ ಹೋಗಲಾಗದು, ಇಲ್ಲವೇ ಹೋದರೂ ಬೇಕಾದದ್ದು ಸಿಗದು. ಕೆಲವು ಕಂಪನಿಗಳಲ್ಲಿ ಬಾಗಿಲು ಬದಲಾದರೆ ದರವೂ ಬದಲಾಗುತ್ತದೆ.

ಎಪಿಎನ್ ಜೊತೆಗೆ ಬಳಕೆದಾರರ ಹೆಸರು, ಪಾಸ್‌ವರ್ಡ್ ಎಂಬ ಎರಡು ಸ್ಥಳಗಳಿರುತ್ತವೆ. ಹಲವು ಕಂಪನಿಗಳು ಇವನ್ನು ಖಾಲಿ ಬಿಡಲು ಹೇಳುತ್ತವೆ. ಕೇಳುವ ಕಂಪನಿಗಳೂ ಎಲ್ಲ ಗ್ರಾಹಕರಿಗೂ ಒಂದೇ ಪದ ಕೊಟ್ಟಿರುತ್ತವೆಯಾದ್ದರಿಂದ ಇದು ನಿಮ್ಮ ಖಾಸಗಿ ಗುಟ್ಟೇನೂ ಆಗಿರುವುದಿಲ್ಲ. ದೃಢೀಕರಣದ ಬಗೆಯನ್ನು ಕೇಳುವ ಫೋನುಗಳಲ್ಲಿ ಪಿಎಪಿ, ಸಿಎಚ್‌ಎಪಿ ಎಂಬ ಎರಡು ಹೆಸರುಗಳು ಕಾಣಬಹುದು. ಕಂಪನಿ ಬೇರೆ ಹೇಳದಿದ್ದರೆ ಫೋನಿನಲ್ಲಿ ಮೊದಲೇ ಇರುವುದನ್ನೇ ಬಿಡಿ. ಐಪಿ ಬಗೆಯ ಆಯ್ಕೆಯಿದ್ದರೆ ಹಳೆಯ ಫೋನಿಗೆ ಐಪಿವಿ4 ಸರಿ.

ಪ್ರಾಕ್ಸಿ ಮತ್ತು ಪೋರ್ಟ್ ಎಂಬ ಸ್ಥಳಗಳು ಹೆಚ್ಚು ಗೊಂದಲ ಹುಟ್ಟಿಸುತ್ತವೆ. ಪ್ರಾಕ್ಸಿ ಎಂದರೆ ನಡುವೆ ನಿಂತು ಪುಟ ತಂದುಕೊಡುವ ಸರ್ವರು, ಪೋರ್ಟ್ ಎಂದರೆ ಆ ಸರ್ವರಿನಲ್ಲಿ ತಟ್ಟಬೇಕಾದ ಬಾಗಿಲಿನ ಸಂಖ್ಯೆ. ವ್ಯಾಪ್ ಎಂಬ ಹಳೆಯ ಮೊಬೈಲ್ ಇಂಟರ್‌ನೆಟ್ ವಿಧಾನದ ಮೊದಲ ಫೋನುಗಳು ಸಾಮಾನ್ಯ ವೆಬ್ ಪುಟಗಳನ್ನು ನೇರವಾಗಿ ಓದಲಾರದೆ, ಕಂಪನಿಯ ಗೇಟ್‌ವೇ ಮೂಲಕ ಅನುವಾದಿಸಿಕೊಂಡು ಓದುತ್ತಿದ್ದವು. ಅದಕ್ಕೆ ಒಂದು ಐಪಿ ವಿಳಾಸವನ್ನೂ 9201 ಎಂಬ ಪೋರ್ಟನ್ನೂ ಕೊಡಬೇಕಿತ್ತು. ಅನಂತರದ ಫೋನುಗಳಲ್ಲಿ ಅದೇ ಸ್ಥಳಕ್ಕೆ 8080ರಂಥ ಪೋರ್ಟು ಬಂದಿತು. ಇಂಥ ಗೇಟ್‌ವೇಗಳಲ್ಲಿ ಬಹಳಷ್ಟು ಈಗ ಇಲ್ಲ. ಹಳೆಯ ಕೈಪಿಡಿಯಲ್ಲೋ ಹಳೆಯ ಮಾಲೀಕರ ಸೆಟ್ಟಿಂಗ್‌ನಲ್ಲೋ ಉಳಿದುಕೊಂಡಿರುವ ಪ್ರಾಕ್ಸಿ ವಿಳಾಸವನ್ನು ಹಾಗೆಯೇ ಇಟ್ಟರೆ ಸಂಪರ್ಕವೇನೋ ಸಿಗುತ್ತದೆ, ಪುಟ ಮಾತ್ರ ತೆರೆಯುವುದಿಲ್ಲ. ಕಂಪನಿ ಈಗ ಕೊಡುವ ವಿವರದಲ್ಲಿ ಪ್ರಾಕ್ಸಿ ಇಲ್ಲದಿದ್ದರೆ ಅದನ್ನು ಖಾಲಿ ಬಿಡಿ, ಅಥವಾ ಪ್ರಾಕ್ಸಿ ಬಳಕೆಯನ್ನೇ ನಿಲ್ಲಿಸಿ.

ಕಂಪನಿಗೆ ಒಂದು ಮೆಸೇಜ್ ಕಳುಹಿಸಿದರೆ ಸೆಟ್ಟಿಂಗುಗಳೆಲ್ಲ ಮೆಸೇಜಿನ ರೂಪದಲ್ಲೇ ಬಂದು ಸೇರುವ ವ್ಯವಸ್ಥೆಯೂ ಇತ್ತು, ಕೆಲವೆಡೆ ಈಗಲೂ ಇದೆ. ಬಂದರೆ ಒಳ್ಳೆಯದೇ, ಉಳಿಸಿಕೊಳ್ಳುವಾಗ ಪಿನ್ ಕೇಳಿದರೆ ಕಂಪನಿ ತಿಳಿಸಿದ್ದನ್ನು ಒತ್ತಿ. ನೀವು ಕೇಳದೆ, ಗೊತ್ತಿಲ್ಲದ ಸಂಖ್ಯೆಯಿಂದ ಬಂದ ಅಂಥ ಮೆಸೇಜನ್ನು ಮಾತ್ರ ಉಳಿಸಿಕೊಳ್ಳಬೇಡಿ, ಏಕೆಂದರೆ ಅದರಲ್ಲಿರುವ ಪ್ರಾಕ್ಸಿಯ ಮೂಲಕವೇ ನಿಮ್ಮ ಮುಂದಿನ ಸಂಚಾರವೆಲ್ಲ ಹಾದುಹೋಗಬಹುದು.

ಕೈಯಿಂದ ತುಂಬುವುದು

ಮೊದಲಿನಿಂದ ಇರುವ ವಿವರಗಳನ್ನು ಅಳಿಸದೆ, ಹೊಸದೊಂದನ್ನು ಸೇರಿಸಿ. ಹಳೆಯದು ಮುಂದೆ ಹೋಲಿಸಿ ನೋಡಲು ನೆರವಾಗುತ್ತದೆ.

ನೋಕಿಯಾದ ಸರಣಿ 40ರ ಫೋನುಗಳಲ್ಲಿ, ಅಂದರೆ ಟಚ್ ಇಲ್ಲದ ಸಾಧಾರಣ ನೋಕಿಯಾಗಳಲ್ಲಿ, ಸೆಟ್ಟಿಂಗ್ಸ್ ಒಳಗೆ ಕಾನ್ಫಿಗರೇಶನ್, ಅದರೊಳಗೆ ಪರ್ಸನಲ್ ಕಾನ್ಫಿಗರೇಶನ್ ಸೆಟ್ಟಿಂಗ್ಸ್ ಇರುತ್ತದೆ. ಅಲ್ಲಿ ಆಯ್ಕೆಗಳ ಗುಂಡಿ ಒತ್ತಿ ಹೊಸದನ್ನು ಸೇರಿಸಿ, ವೆಬ್ ಎಂಬುದನ್ನು ಆರಿಸಿ, ಅದಕ್ಕೊಂದು ಹೆಸರಿಡಿ. ಈ ಹೆಸರು ನಿಮ್ಮ ಗುರುತಿಗಷ್ಟೇ, ಏನಿಟ್ಟರೂ ನಡೆಯುತ್ತದೆ. ಅನಂತರ ಆಕ್ಸೆಸ್ ಪಾಯಿಂಟ್ ಸೆಟ್ಟಿಂಗ್ಸ್ ಒಳಗೆ ಡೇಟಾ ಬೇರರ್ ಎಂಬಲ್ಲಿ ಪ್ಯಾಕೆಟ್ ಡೇಟಾ ಆರಿಸಿ, ಬೇರರ್ ಸೆಟ್ಟಿಂಗ್ಸ್ ಒಳಗೆ ಹೋದರೆ ಎಪಿಎನ್ ತುಂಬುವ ಜಾಗ ಸಿಗುತ್ತದೆ. ಇಷ್ಟು ಆಳದಲ್ಲಿ ಅದನ್ನು ಏಕೆ ಹೂತಿಟ್ಟರೋ ತಯಾರಕರಿಗೇ ಗೊತ್ತು. ತುಂಬಿ ಮುಗಿದ ಮೇಲೆ ಹಿಂದಕ್ಕೆ ಬಂದು, ನೀವು ಮಾಡಿದ ಹೆಸರಿನ ಮೇಲೆ ನಿಂತು ಆಯ್ಕೆಗಳಿಂದ ಆಕ್ಟಿವೇಟ್ ಒತ್ತಬೇಕು. ಅಷ್ಟಕ್ಕೇ ನಿಲ್ಲಿಸಬಾರದು: ಬ್ರೌಸರಿನ ಸ್ವಂತ ಸೆಟ್ಟಿಂಗ್‌ನಲ್ಲಿ ಕಾನ್ಫಿಗರೇಶನ್ ಎಂಬಲ್ಲಿ ಪರ್ಸನಲ್ ಎಂಬುದನ್ನೂ ಅಕೌಂಟ್ ಎಂಬಲ್ಲಿ ನಿಮ್ಮ ಹೊಸ ಹೆಸರನ್ನೂ ಆರಿಸಿದ ಮೇಲೆಯೇ ಬ್ರೌಸರು ಅದನ್ನು ಬಳಸತೊಡಗುತ್ತದೆ.

ಸೋನಿ ಎರಿಕ್ಸನ್ ಫೋನುಗಳಲ್ಲಿ ಈ ಎರಡು ಪದರಗಳು ಇನ್ನೂ ಸ್ಪಷ್ಟವಾಗಿವೆ. ಕನೆಕ್ಟಿವಿಟಿ ಅಡಿಯಲ್ಲಿ ಡೇಟಾ ಕಮ್ಯುನಿಕೇಶನ್, ಅದರಲ್ಲಿ ಡೇಟಾ ಅಕೌಂಟ್ಸ್ ತೆರೆದು ಮೊದಲು ಎಪಿಎನ್ ಇರುವ ಖಾತೆಯೊಂದನ್ನು ಮಾಡಬೇಕು. ಬಳಿಕ ಇಂಟರ್‌ನೆಟ್ ಸೆಟ್ಟಿಂಗ್ಸ್ ಒಳಗೆ ಇಂಟರ್‌ನೆಟ್ ಪ್ರೊಫೈಲ್ ಒಂದನ್ನು ಮಾಡಿ, ಅದು ಯಾವ ಖಾತೆಯ ಮೂಲಕ ಹೋಗಬೇಕೆಂದು ತೋರಿಸಬೇಕು. ಖಾತೆ ಮಾಡಿ ಪ್ರೊಫೈಲ್ ಮಾಡದಿದ್ದರೆ ಬಾಗಿಲು ಕಟ್ಟಿ ದಾರಿ ಹಾಕದಂತೆ ಆಗುತ್ತದೆ. ಬೇರೆ ತಯಾರಕರ ಕೀಪ್ಯಾಡ್ ಫೋನುಗಳಲ್ಲಿ ಮೆನುವಿನ ಹೆಸರುಗಳು ಬದಲಾದರೂ, ಒಂದು ಕಡೆ ಬಾಗಿಲು, ಇನ್ನೊಂದು ಕಡೆ ಅದನ್ನು ಬಳಸುವ ಪ್ರೊಫೈಲ್ ಎಂಬ ಕಟ್ಟು ಸಾಮಾನ್ಯವಾಗಿ ಹೀಗೆಯೇ ಇರುತ್ತದೆ.

ನೋಕಿಯಾದ ಎಸ್60 ಎಂಬ ಸ್ಮಾರ್ಟ್‌ಫೋನ್ ಸರಣಿಯ ಫೋನುಗಳಲ್ಲಿ ಸೆಟ್ಟಿಂಗ್ಸ್, ಕನೆಕ್ಷನ್, ಆಕ್ಸೆಸ್ ಪಾಯಿಂಟ್ಸ್ ಎಂಬ ದಾರಿ. ಸ್ವಲ್ಪ ಹೊಸದಾದವುಗಳಲ್ಲಿ ಕೊನೆಯದರ ಬದಲು ಡೆಸ್ಟಿನೇಶನ್ಸ್ ಎಂದಿದ್ದು, ಅದರಲ್ಲಿನ ಇಂಟರ್‌ನೆಟ್ ಗುಂಪಿನೊಳಗೆ ಸೇರಿಸಬೇಕು. ಪಾಸ್‌ವರ್ಡ್ ಕೇಳಬೇಕೇ ಎಂಬ ಪ್ರಶ್ನೆಗೆ ಬೇಡ ಎಂದಿಡಿ, ಇಲ್ಲದಿದ್ದರೆ ಪ್ರತಿ ಸಲವೂ ಅದು ಕೇಳುತ್ತದೆ.

ಆರಂಭದ ಆಂಡ್ರಾಯ್ಡ್ ಫೋನುಗಳಲ್ಲಿ ವೈರ್‌ಲೆಸ್ ಅಂಡ್ ನೆಟ್‌ವರ್ಕ್ಸ್, ಮೊಬೈಲ್ ನೆಟ್‌ವರ್ಕ್ಸ್, ಆಕ್ಸೆಸ್ ಪಾಯಿಂಟ್ ನೇಮ್ಸ್ ಎಂದು ಹೋಗಿ, ಪರದೆಯ ಕೆಳಗಿರುವ ಮೆನು ಗುಂಡಿಯನ್ನು ಒತ್ತಿದರೆ ಹೊಸ ಎಪಿಎನ್ ಸೇರಿಸುವ ಆಯ್ಕೆ ಬರುತ್ತದೆ. ಎಂಸಿಸಿ, ಎಂಎನ್‌ಸಿ ಎಂಬ ಎರಡು ಸಂಖ್ಯೆಗಳು ಸಿಮ್ ನೋಡಿ ತಾವಾಗಿ ತುಂಬಿಕೊಂಡಿರುತ್ತವೆ. ಮೊದಲನೆಯದು ದೇಶವನ್ನೂ ಎರಡನೆಯದು ಕಂಪನಿಯನ್ನೂ ಸೂಚಿಸುತ್ತದೆ. ಇವನ್ನು ಮುಟ್ಟಬೇಡಿ. ಇವು ಸಿಮ್ಮಿಗೆ ಹೊಂದದಿದ್ದರೆ ನೀವು ಉಳಿಸಿದ ಎಪಿಎನ್ ಪಟ್ಟಿಯಲ್ಲೇ ಕಾಣದೆ ಹೋಗುತ್ತದೆ. ಎಪಿಎನ್ ಬಗೆ ಎಂಬಲ್ಲಿ ಸಾಮಾನ್ಯ ಇಂಟರ್‌ನೆಟ್ಟಿಗೆ ಡಿಫಾಲ್ಟ್ ಎಂಬ ಪದವಿರಬೇಕು. ಎಂಎಂಎಸ್ ಎಂದಷ್ಟೇ ಇದ್ದರೆ ಅದು ಚಿತ್ರಸಂದೇಶಕ್ಕೆ ಮಾತ್ರ. ಮತ್ತೆ ಮೆನು ಗುಂಡಿ ಒತ್ತಿ ಸೇವ್ ಮಾಡಿ, ಪಟ್ಟಿಗೆ ಮರಳಿ, ಹೆಸರಿನ ಬಲಕ್ಕಿರುವ ದುಂಡು ಗುರುತನ್ನು ತುಂಬಿ. ಈ ಕೊನೆಯ ಹೆಜ್ಜೆಯನ್ನು ಮರೆಯುವವರು ಬಹಳ. ಇನ್ನೊಂದು ಕಂಪನಿಯ ಟವರುಗಳನ್ನು ಬಾಡಿಗೆಗೆ ಪಡೆದು ಸೇವೆ ಕೊಡುವ ಸಣ್ಣ ಕಂಪನಿಯ ಸಿಮ್ ನಿಮ್ಮದಾಗಿದ್ದರೆ, ಹಳೆಯ ಆಂಡ್ರಾಯ್ಡ್ ತಾನು ರೋಮಿಂಗ್‌ನಲ್ಲಿದ್ದೇನೆಂದು ಭಾವಿಸಿ ಡೇಟಾ ತಡೆಯಬಹುದು. ಅಂಥಲ್ಲಿ ಡೇಟಾ ರೋಮಿಂಗ್ ಆಯ್ಕೆಯನ್ನು ತೆರೆದಿಡಬೇಕಾಗುತ್ತದೆ.

ಬ್ಲ್ಯಾಕ್‌ಬೆರಿ ಓಎಸ್ 7.1 ಮತ್ತು ಅದಕ್ಕಿಂತ ಹಿಂದಿನ ಆವೃತ್ತಿಗಳ ಫೋನುಗಳಿಗೆ ಕಂಪನಿಯೇ ಒದಗಿಸುತ್ತಿದ್ದ ಸೇವೆಗಳು 2022ರ ಜನವರಿ 4ರಂದು ನಿಂತವು. ಅವುಗಳ ಮೇಲೆ ಸಮಯ ಕಳೆಯುವುದು ಬೇಡವೆಂದೇ ನನ್ನ ಸಲಹೆ.

ಅಕ್ಷರ ಒತ್ತುವಾಗಿನ ಎಚ್ಚರ

ಒಮ್ಮೆ ನಾನು ಎಪಿಎನ್ ಸರಿಯಾಗಿಯೇ ತುಂಬಿದ್ದೇನೆಂದು ನಂಬಿ ಒಂದು ಸಂಜೆಯಿಡೀ ಬೇರೆ ಬೇರೆ ಸೆಟ್ಟಿಂಗುಗಳನ್ನು ತಿರುವಿ ಹಾಕಿದ್ದೆ. ಕೊನೆಗೆ ನೋಡಿದರೆ ಚುಕ್ಕಿಯ ನಂತರ ಫೋನು ತಾನೇ ಒಂದು ಖಾಲಿ ಜಾಗವನ್ನು ಸೇರಿಸಿತ್ತು. ಎಪಿಎನ್‌ನಲ್ಲಿ ಇಂಗ್ಲಿಷ್ ಅಕ್ಷರ, ಅಂಕಿ, ಚುಕ್ಕಿ ಮತ್ತು ಅಡ್ಡಗೆರೆಗಳಿಗೆ ಮಾತ್ರ ಅವಕಾಶ. ಖಾಲಿ ಜಾಗಕ್ಕೆ ಇಲ್ಲ. ಪದದ ಕೊನೆಯಲ್ಲಿ ಬಂದು ಕೂತ ಖಾಲಿ ಜಾಗವಂತೂ ಕಣ್ಣಿಗೇ ಬೀಳುವುದಿಲ್ಲ. ಆದ್ದರಿಂದ ತುಂಬುವ ಮೊದಲು ಪದ ಊಹಿಸುವ ಟಿ9 ವ್ಯವಸ್ಥೆಯನ್ನು ನಿಲ್ಲಿಸಿ. ಬಹಳಷ್ಟು ಕೀಪ್ಯಾಡ್ ಫೋನುಗಳಲ್ಲಿ # ಗುಂಡಿಯಿಂದ ಅಕ್ಷರದ ಬಗೆ ಬದಲಾಗುತ್ತದೆ, 1 ಅಥವಾ * ಗುಂಡಿಯಿಂದ ಚುಕ್ಕಿ ಬರುತ್ತದೆ. ಎಪಿಎನ್‌ನಲ್ಲಿ ದೊಡ್ಡಕ್ಷರ, ಚಿಕ್ಕಕ್ಷರಗಳ ವ್ಯತ್ಯಾಸ ಲೆಕ್ಕಕ್ಕೆ ಬರುವುದಿಲ್ಲವಾದರೂ ಬಳಕೆದಾರರ ಹೆಸರು ಮತ್ತು ಪಾಸ್‌ವರ್ಡಿನಲ್ಲಿ ಬರಬಹುದು. ಮೊದಲ ಅಕ್ಷರವನ್ನು ತಾನಾಗಿ ದೊಡ್ಡದು ಮಾಡುವ ಅಭ್ಯಾಸ ಈ ಫೋನುಗಳಿಗಿದೆ.

ಪರೀಕ್ಷಿಸುವುದು, ತಪ್ಪು ಹುಡುಕುವುದು

ಎಲ್ಲ ಮುಗಿದ ಮೇಲೆ ಫೋನನ್ನು ಒಮ್ಮೆ ಆರಿಸಿ ಹೊತ್ತಿಸಿ. ದಿನಾಂಕ ಮತ್ತು ಸಮಯ ಸರಿಯಿದೆಯೇ ನೋಡಿ. ಬ್ಯಾಟರಿ ತೆಗೆದಾಗ ಹಲವು ಹಳೆಯ ಫೋನುಗಳು ಹತ್ತಿಪ್ಪತ್ತು ವರ್ಷ ಹಿಂದಿನ ದಿನಾಂಕಕ್ಕೆ ಮರಳುತ್ತವೆ, ಆಗ ಸುರಕ್ಷಿತ ತಾಣಗಳು ತಮ್ಮ ಗುರುತಿಗಾಗಿ ತೋರಿಸುವ ಪ್ರಮಾಣಪತ್ರಗಳನ್ನು ಫೋನು ತಿರಸ್ಕರಿಸುತ್ತದೆ. ಪರದೆಯ ಮೇಲ್ಭಾಗದಲ್ಲಿ ಜಿ, ಇ, 3ಜಿ ಅಥವಾ ಎಚ್ ಎಂಬ ಗುರುತು ಕಂಡರೆ ಕ್ರಮವಾಗಿ ಜಿಪಿಆರ್‌ಎಸ್, ಎಡ್ಜ್, 3ಜಿ ಮತ್ತು ವೇಗದ 3ಜಿ ಸಿಕ್ಕಿದೆ ಎಂದರ್ಥ. ಕರೆಯ ಸಿಗ್ನಲ್ ಪಟ್ಟಿ ಪೂರ್ತಿ ಇದ್ದು ಈ ಗುರುತು ಮಾತ್ರ ಬಾರದಿದ್ದರೆ ನೆಟ್‌ವರ್ಕ್ ಆಯ್ಕೆಯನ್ನು 3ಜಿ ಮಾತ್ರ ಅಥವಾ 2ಜಿ ಮಾತ್ರ ಎಂಬುದರಿಂದ ಎರಡೂ ಎಂಬುದಕ್ಕೆ ಬದಲಿಸಿ ನೋಡಿ. ಮೊದಲ ಪರೀಕ್ಷೆಗೆ ಭಾರವಾದ ತಾಣ ಬೇಡ. ಎಚ್‌ಟಿಟಿಪಿ ಎಂದಷ್ಟೇ ಆರಂಭವಾಗುವ, ಅಂದರೆ ಗೂಢಲಿಪಿ ಬಳಸದ, ಹೆಚ್ಚು ಚಿತ್ರಗಳಿಲ್ಲದ ಪುಟವೊಂದನ್ನು ತೆರೆಯಿರಿ.

ತೆರೆಯದಿದ್ದಾಗ ಫೋನು ತೋರಿಸುವ ಮಾತನ್ನು ಓದದೆ ಮುಂದೆ ಹೋಗಬೇಡಿ, ಏಕೆಂದರೆ ತೊಂದರೆ ಯಾವ ಪದರದಲ್ಲಿದೆ ಎಂಬುದು ಅದರಲ್ಲೇ ಇರುತ್ತದೆ. ಎಪಿಎನ್ ತಿಳಿಯದು ಎಂದರೆ ಹೆಸರಿನಲ್ಲಿ ಅಕ್ಷರ ತಪ್ಪಿದೆ. ದೃಢೀಕರಣ ವಿಫಲವಾಯಿತು ಎಂದರೆ ಬಾಗಿಲು ಸರಿ, ಬಳಕೆದಾರರ ಹೆಸರೋ ಪಾಸ್‌ವರ್ಡೋ ತಪ್ಪು. ಮೊದಲು ಪ್ಯಾಕೆಟ್ ಡೇಟಾಕ್ಕೆ ಚಂದಾದಾರರಾಗಿ ಎಂದು ನೋಕಿಯಾ ಹೇಳಿದರೆ ಸಿಮ್ಮಿನಲ್ಲಿ ಸೇವೆ ಚಾಲ್ತಿಯಲ್ಲಿದೆಯೇ ಎಂದು ಕಂಪನಿಯಲ್ಲಿ ವಿಚಾರಿಸಬೇಕು. ತಪ್ಪು ಎಪಿಎನ್‌ಗೂ ಕೆಲವೊಮ್ಮೆ ಇದೇ ಮಾತು ಬರುವುದರಿಂದ ಅದನ್ನೂ ಇನ್ನೊಮ್ಮೆ ಓದಿ ನೋಡಿ. ಗೇಟ್‌ವೇ ಉತ್ತರಿಸುತ್ತಿಲ್ಲ ಎಂದರೆ ಪ್ರಾಕ್ಸಿಯನ್ನು ಅನುಮಾನಿಸಿ. ಇನ್ನು 2ಜಿಯಲ್ಲಿ ಕರೆಯೊಂದು ನಡೆಯುತ್ತಿರುವಾಗ ಸಾಮಾನ್ಯವಾಗಿ ಡೇಟಾ ತಡೆದು ನಿಲ್ಲುತ್ತದೆ. ಅದು ದೋಷವಲ್ಲ, ಕರೆ ಮುಗಿದೊಡನೆ ಮುಂದುವರಿಯುತ್ತದೆ.

ಸಂಪರ್ಕ ಸಿಕ್ಕಿಯೂ ತಾಣಗಳು ತೆರೆಯದಿದ್ದರೆ

ಸರಳ ಪುಟ ತೆರೆದು, ದೊಡ್ಡ ತಾಣಗಳು ಮಾತ್ರ ತೆರೆಯದಿದ್ದರೆ ನಿಮ್ಮ ಸೆಟ್ಟಿಂಗಿನಲ್ಲಿ ತಪ್ಪಿಲ್ಲ. ಅದನ್ನು ಮತ್ತೆ ಕೆದಕಬೇಡಿ. ಇಂದಿನ ತಾಣಗಳಲ್ಲಿ ಬಹುಪಾಲು ಟಿಎಲ್‌ಎಸ್ ಎಂಬ ಗೂಢಲಿಪಿ ವಿಧಾನವನ್ನು ಬಳಸುತ್ತವೆ. ಹಳೆಯ ಫೋನುಗಳು ಬಲ್ಲ ಅದರ 1.0 ಮತ್ತು 1.1 ಆವೃತ್ತಿಗಳನ್ನು 2021ರ ಮಾರ್ಚಿನಲ್ಲಿ ಅಧಿಕೃತವಾಗಿ ಕೈಬಿಡಲಾಯಿತು. ಅದೇ ವರ್ಷದ ಸೆಪ್ಟೆಂಬರ್ 30ರಂದು, ಅಸಂಖ್ಯ ತಾಣಗಳಿಗೆ ಉಚಿತ ಪ್ರಮಾಣಪತ್ರ ನೀಡುವ ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆ ಆಧರಿಸಿದ್ದ ಹಳೆಯ ಮೂಲ ಪ್ರಮಾಣಪತ್ರದ ಅವಧಿ ಮುಗಿಯಿತು. ಅದರ ಬದಲಿಗೆ ಬಂದ ಹೊಸ ಮೂಲ ಪ್ರಮಾಣಪತ್ರವನ್ನು ಆಂಡ್ರಾಯ್ಡ್ 7.1.1ಕ್ಕಿಂತ ಹಿಂದಿನ ಫೋನುಗಳು ತಾವಾಗಿ ಗುರುತಿಸಲಾರವು. ಫೋನಿಗೆ ಒಗ್ಗುವ ಒಪೆರಾ ಮಿನಿ ಆವೃತ್ತಿಯೊಂದನ್ನು ಹಾಕಿಕೊಳ್ಳಲು ಸಾಧ್ಯವಾದರೆ ಪ್ರಯತ್ನಿಸಬಹುದು. ಅದು ಪುಟವನ್ನು ತನ್ನ ಸರ್ವರಿನಲ್ಲಿ ತೆರೆದು, ಕುಗ್ಗಿಸಿ ಫೋನಿಗೆ ಕಳುಹಿಸುವುದರಿಂದ ಫೋನಿನ ಸ್ವಂತ ಬ್ರೌಸರಿಗೆ ಸಾಧ್ಯವಾಗದ ಕೆಲವು ತಾಣಗಳು ಅದರಲ್ಲಿ ತೆರೆಯುತ್ತವೆ. ಆದರೆ ಬ್ಯಾಂಕಿನ ವ್ಯವಹಾರವನ್ನೂ ಮುಖ್ಯವಾದ ಪಾಸ್‌ವರ್ಡುಗಳನ್ನೂ ಇಂಥ ಫೋನಿನಲ್ಲಿ ತರಲೇಬೇಡಿ.

ವೇಗದ ವಿಷಯದಲ್ಲಿ ನಿರೀಕ್ಷೆ ಇಳಿಸಿಕೊಳ್ಳಬೇಕು. ಜಿಪಿಆರ್‌ಎಸ್‌ನಲ್ಲಿ ಸೆಕೆಂಡಿಗೆ 40 ಕಿಲೋಬಿಟ್ ಸಿಕ್ಕಿತೆಂದುಕೊಂಡರೂ ಒಂದು ಮೆಗಾಬೈಟಿನ ಪುಟ ಇಳಿಯಲು ಮೂರು ನಿಮಿಷ ದಾಟುತ್ತದೆ. ಬ್ರೌಸರಿನ ಸೆಟ್ಟಿಂಗ್‌ನಲ್ಲಿ ಚಿತ್ರಗಳನ್ನು ನಿಲ್ಲಿಸಿದರೆ ಕಾಯುವ ಹೊತ್ತು ಬಹಳ ಕಡಿಮೆಯಾಗುತ್ತದೆ. ಪ್ಯಾಕೆಟ್ ಡೇಟಾ ಸಂಪರ್ಕ ಯಾವಾಗ ಎಂಬ ಆಯ್ಕೆಯಿದ್ದರೆ ಸದಾ ಎಂಬುದರ ಬದಲು ಬೇಕಾದಾಗ ಎಂದಿಡಿ. ಇದರಿಂದ ಬ್ಯಾಟರಿಯೂ ಉಳಿಯುತ್ತದೆ. ಓದಿ ಮುಗಿದ ಮೇಲೆ ಬ್ರೌಸರಿನಿಂದ ಸುಮ್ಮನೆ ಹಿಂದೆ ಬರದೆ, ಕೆಂಪು ಗುಂಡಿಯನ್ನೋ ಸಂಪರ್ಕ ಕಡಿಯುವ ಆಯ್ಕೆಯನ್ನೋ ಒತ್ತಿ, ಮೇಲಿನ ಗುರುತು ನಿಷ್ಕ್ರಿಯವಾಯಿತೇ ಎಂದು ನೋಡುವ ರೂಢಿ ಮಾಡಿಕೊಳ್ಳಿ.

ಫೋನನ್ನು ಮೋಡೆಮ್ಮಿನಂತೆ ಬಳಸಿ ಕಂಪ್ಯೂಟರಿಗೆ ಇಂಟರ್‌ನೆಟ್ ಕೊಡುವ ಉದ್ದೇಶವಿದ್ದರೆ, ಕೇಬಲ್ ಅಥವಾ ಬ್ಲೂಟೂತ್ ಮೂಲಕ ಜೋಡಿಸಿ, ಕಂಪ್ಯೂಟರಿನ ಡಯಲ್ ಅಪ್ ಸಂಪರ್ಕದಲ್ಲಿ ದೂರವಾಣಿ ಸಂಖ್ಯೆಯ ಜಾಗದಲ್ಲಿ *99# ಎಂದು ಕೊಡಬೇಕು. ಇದು ಯಾರಿಗೂ ಹೋಗುವ ಕರೆಯಲ್ಲ; ಡೇಟಾ ಸಂಪರ್ಕ ತೆರೆಯೆಂದು ಫೋನಿಗೇ ಕೊಡುವ ಸೂಚನೆ. ಇಲ್ಲಿ ಒಂದು ಮಾತು ಗಮನಿಸಿ: ಫೋನಿನ ಬ್ರೌಸರಿಗೆಂದು ತುಂಬಿದ ಎಪಿಎನ್ ಮೋಡೆಮ್ಮಿಗೆ ತಾನಾಗಿ ಅನ್ವಯಿಸುವುದಿಲ್ಲ, ಆದ್ದರಿಂದ ಕಂಪ್ಯೂಟರಿನಲ್ಲಿ ಫೋನಿನ ಮೋಡೆಮ್ ಗುಣಲಕ್ಷಣಗಳನ್ನು ತೆರೆದು, ಆರಂಭದ ಆಜ್ಞೆಯ ಜಾಗದಲ್ಲಿ ಅದೇ ಎಪಿಎನ್ ಅನ್ನು ಇನ್ನೊಮ್ಮೆ ಕೊಡಬೇಕಾಗಬಹುದು. ಕಂಪ್ಯೂಟರು ಹಿನ್ನೆಲೆಯಲ್ಲಿ ತನ್ನ ಅಪ್‌ಡೇಟುಗಳನ್ನು ಇಳಿಸಿಕೊಳ್ಳಲು ತೊಡಗಿದರೆ 2ಜಿ ಸಂಪರ್ಕವೆಲ್ಲ ಅದಕ್ಕೇ ಹೋಗಿಬಿಡುತ್ತದೆ. ಅವನ್ನು ಜೋಡಿಸುವ ಮೊದಲೇ ನಿಲ್ಲಿಸಿಡಿ.